ಬಾಡಿಗೆ ಮಹಡಿಯ ಸವಕಳಿ

2024ರ ಫೆಬ್ರವರಿ. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನಾನು ಚಾರ್ಟರ್ಡ್ ಅಕೌಂಟೆಂಟ್ ಆಗಿ ಕಚೇರಿ ತೆರೆದು ಇಪ್ಪತ್ತೆರಡು ವರ್ಷಗಳಾಗಿದ್ದವು. ಆದಾಯ ತೆರಿಗೆ ಇಲಾಖೆಯ ನೋಟಿಸುಗಳಿಗೆ ಗಾಬರಿಯಾಗುವ ಕಾಲ ಎಂದೋ ಮುಗಿದಿತ್ತು. ಆದರೆ ಆ ತಿಂಗಳು ಬಂದ ಒಂದು ನೋಟಿಸಿನ ವಿಷಯದಲ್ಲಿ, ನಾನು ಅವಸರದಲ್ಲಿ ಆಡಿದ ಒಂದು ಮಾತು ನನ್ನ ಕಕ್ಷಿದಾರರನ್ನು ಬೀದಿಗೆ ತರುವುದರಲ್ಲಿತ್ತು.

ನೋಟಿಸ್ ಬಂದದ್ದು ಭದ್ರಾವತಿಯ ಸೆಲ್ವರಾಜ್ ಅವರಿಗೆ. ದಂತವೈದ್ಯರಿಗೆ ಬೇಕಾದ ಕ್ಯಾಪ್, ಹಲ್ಲಿನ ಸೆಟ್ಟುಗಳನ್ನು ತಯಾರಿಸಿಕೊಡುವ ಲ್ಯಾಬ್ ಅವರದು. ಕಾರ್ಖಾನೆಯಲ್ಲಿ ಕ್ರೇನ್ ಆಪರೇಟರ್ ಆಗಿ ನಿವೃತ್ತರಾದ ರುದ್ರಪ್ಪ ಎಂಬವರ ಮನೆಯ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದರು. 2021ರಲ್ಲಿ ಹಲ್ಲಿನ ಆಕಾರ ಕೊರೆಯುವ ಹದಿನಾಲ್ಕು ಲಕ್ಷ ರೂಪಾಯಿಯ ಮಿಲ್ಲಿಂಗ್ ಮೆಷಿನ್ ತರಿಸಿದರು. ಅದರ ಭಾರಕ್ಕೆ ಕೆಳಗಿನಿಂದ ಉಕ್ಕಿನ ತೊಲೆ ಕೊಡಬೇಕಾಯಿತು. ಜೊತೆಗೆ ತ್ರೀ-ಫೇಸ್ ವೈರಿಂಗ್, ಧೂಳು ಎಳೆಯುವ ಡಕ್ಟ್, ಗೋಡೆಯ ಕೆಲಸ ಎಲ್ಲ ಸೇರಿ 6,40,000 ರೂಪಾಯಿ. ತೊಲೆ ಬಂದದ್ದು ರುದ್ರಪ್ಪನವರ ನಡುಮನೆಯ ಚಾವಣಿಗೆ. ಅವರು ಬೇಸರಪಡಲಿಲ್ಲ. ಭಾರ ಎತ್ತಿ ಇಳಿಸುವುದರಲ್ಲೇ ಜೀವಮಾನ ಕಳೆದವರು, ತಾವೇ ನಿಂತು ಎಲ್ಲಿ ಕೊಡಬೇಕೆಂದು ತೋರಿಸಿದ್ದರಂತೆ.

ವ್ಯಾಪಾರದ ಆಸ್ತಿ ಬಳಸಿದಂತೆ ಸವೆಯುತ್ತದೆ. ಆ ಸವೆತವನ್ನು ವರ್ಷವರ್ಷವೂ ಆದಾಯದಿಂದ ಕಳೆಯಲು ಕಾನೂನು ಬಿಡುತ್ತದೆ. ಇದೇ ಡಿಪ್ರಿಸಿಯೇಷನ್, ಕನ್ನಡದಲ್ಲಿ ಸವಕಳಿ. ಯಂತ್ರಕ್ಕೆ ಶೇಕಡಾ ಹದಿನೈದು, ಕಟ್ಟಡದ ಕೆಲಸಕ್ಕೆ ಶೇಕಡಾ ಹತ್ತು. ಈ ಲೆಕ್ಕದಲ್ಲಿ ಮೊದಲ ವರ್ಷಕ್ಕೆ ನಾನು 2,74,000 ರೂಪಾಯಿ ಕಳೆದು ರಿಟರ್ನ್ ಸಲ್ಲಿಸಿದ್ದೆ. ಇಲಾಖೆಯ ಆಕ್ಷೇಪ ಎರಡು. ಕಟ್ಟಡ ನಿಮ್ಮದಲ್ಲ, ಆದ್ದರಿಂದ ಅದರ ಸವಕಳಿಯೂ ನಿಮ್ಮದಲ್ಲ. ಕರೆಂಟ್ ಬಿಲ್ ಬೇರೆಯವರ ಹೆಸರಿನಲ್ಲಿದೆ, ಆದ್ದರಿಂದ ಯಂತ್ರ ಅಲ್ಲಿ ಓಡಿತೆಂಬುದಕ್ಕೆ ಪುರಾವೆ ಇಲ್ಲ. ಉತ್ತರಕ್ಕೆ ಏಳು ದಿನ.

ಮೊದಲನೆಯದಕ್ಕೆ ಕಾನೂನಿನಲ್ಲೇ ಉತ್ತರವಿತ್ತು. ಬಾಡಿಗೆ ಹಕ್ಕಿನಿಂದ ಇರುವ ಕಟ್ಟಡದಲ್ಲಿ ವ್ಯಾಪಾರಕ್ಕಾಗಿ ಬಾಡಿಗೆದಾರನೇ ಬಂಡವಾಳ ಹಾಕಿ ಕೆಲಸ ಮಾಡಿಸಿದರೆ, ಆ ಖರ್ಚಿನ ಮಟ್ಟಿಗೆ ಅವನನ್ನು ಮಾಲೀಕನೆಂದು ಭಾವಿಸಿ ಸವಕಳಿ ಕೊಡಬೇಕು. ಬಿಲ್ಲುಗಳು, ಬ್ಯಾಂಕ್ ದಾಖಲೆ ನಮ್ಮಲ್ಲಿದ್ದವು. ಈ ಖರ್ಚು ತಮ್ಮದಲ್ಲವೆಂದು ರುದ್ರಪ್ಪನವರಿಂದ ಒಂದು ಪತ್ರ ಸಿಕ್ಕಿದರೆ ಸಾಕಿತ್ತು.

ಸೆಲ್ವರಾಜ್ ಕಂಗಾಲಾಗಿ ಫೋನ್ ಮಾಡಿದಾಗ ನಾನು ಇನ್ನೊಬ್ಬರ ಫೈಲ್ ಮುಂದಿಟ್ಟುಕೊಂಡು ಕೂತಿದ್ದೆ. "ಹೆದರ್ಬೇಡಿ ಸೆಲ್ವರಾಜ್. ಕಾನೂನಿನ ಪ್ರಕಾರ ಅದಕ್ಕೆ ನೀವೇ ಓನರ್. ರುದ್ರಪ್ಪನವರ ಹತ್ರ ಒಂದು ಸೈನ್ ಹಾಕ್ಸಿಬಿಡಿ" ಎಂದು ಹೇಳಿ ಫೋನ್ ಇಟ್ಟೆ.

ಅವರು ಖುಷಿಯಿಂದ ಕೆಳಗಿಳಿದು ಹೋಗಿ ಅದನ್ನೇ ಹೇಳಿದ್ದಾರೆ. ಮಾರನೆಯ ದಿನ ಮತ್ತೆ ಫೋನ್. ಧ್ವನಿ ಕುಗ್ಗಿತ್ತು. "ಮೇಡಂ, ಸೈನ್ ಹಾಕಲ್ಲಂತೆ. ಮೂರು ತಿಂಗಳಲ್ಲಿ ಮಹಡಿ ಖಾಲಿ ಮಾಡಿ ಅಂದ್ಬಿಟ್ರು."

ನಾನು ಹೇಳಿದ 'ಓನರ್' ಎಂಬ ಪದವೇ ಕೆಲಸ ಕೆಡಿಸಿದೆ ಎಂದು ನನಗೆ ತಕ್ಷಣ ಅರ್ಥವಾಯಿತು. ತೆರಿಗೆಯ ನಷ್ಟವಾದರೆ ಅಪೀಲು ಹಾಕಬಹುದು. ಆದರೆ ಮಹಡಿ ಖಾಲಿ ಮಾಡಿದರೆ ಆ ಯಂತ್ರವನ್ನು ಕಿತ್ತು ಬೇರೆಡೆ ಕೂರಿಸಬೇಕು, ಮತ್ತೆ ತೊಲೆ, ಮತ್ತೆ ವೈರಿಂಗ್. ಅಷ್ಟು ದಿನ ಬಾಗಿಲು ಮುಚ್ಚಿದರೆ ದಂತವೈದ್ಯರು ಬೇರೆ ಲ್ಯಾಬ್ ಹಿಡಿಯುತ್ತಾರೆ. ಆ ಲ್ಯಾಬಿನಲ್ಲಿ ನಾಲ್ವರು ಹೆಂಗಸರು ಕೆಲಸಕ್ಕಿದ್ದರು. ಅದಕ್ಕೆ ಅಪೀಲು ಎಲ್ಲಿ ಹಾಕುವುದು?

ಮರುದಿನ ಬೆಳಿಗ್ಗೆ ಕಾನೂನಿನ ಪುಸ್ತಕ ಹಿಡಿದು ಭದ್ರಾವತಿಗೆ ಹೋದೆ. ರುದ್ರಪ್ಪನವರು ಕುರ್ಚಿ ಹಾಕಿ ಕೂರಿಸಿದರು. ಅವರ ಹೆಂಡತಿ ಗೌರಮ್ಮ ನೀರು, ಬೆಲ್ಲ ತಂದಿಟ್ಟರು. ಮರ್ಯಾದೆಗೆ ಏನೂ ಕಡಿಮೆಯಿರಲಿಲ್ಲ. ಸೆಲ್ವರಾಜ್ ಒಳಗೆ ಬರದೆ ಮೆಟ್ಟಿಲ ಬಳಿಯೇ ನಿಂತರು.

ರುದ್ರಪ್ಪನವರು ನಿಧಾನವಾಗಿ ಹೇಳಿದರು: "ನೋಡಮ್ಮ, ಮೂವತ್ತೈದು ವರ್ಷ ಕ್ರೇನ್ ಓಡ್ಸಿ ಕಟ್ಟಿದ ಮನೆ ಇದು. ಆ ಮನುಷ್ಯನ ಮೇಲೆ ನಂಗೆ ಸಿಟ್ಟಿಲ್ಲ. ಆದ್ರೆ ಸರ್ಕಾರದ ಕಾಗದದಲ್ಲಿ ಅವ್ರು ಓನರ್ ಅಂತ ಒಂದ್ಸಲ ಬಿತ್ತು ಅಂದ್ರೆ, ನಾಳೆ ನಾನೇ ಇಲ್ಲಿ ಬಾಡಿಗೆಯವನಾಗ್ತೀನಿ."

ತಪ್ಪು ನನ್ನದು, ಆ ಪದ ಬಳಸಿದ್ದು ನಾನು ಎಂದು ಮೊದಲು ಒಪ್ಪಿಕೊಂಡೆ. ಆಮೇಲೆ ಪುಸ್ತಕ ತೆರೆದು ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿದೆ. ಸವಕಳಿಯ ಲೆಕ್ಕಕ್ಕೆ ಮಾತ್ರ ಹಾಗೆ ಭಾವಿಸುವುದು, ಖಾತೆ, ಕಂದಾಯ ಯಾವುದೂ ಬದಲಾಗುವುದಿಲ್ಲ ಎಂದೆ. ಇನ್ನೊಮ್ಮೆ ಹೇಳಿದೆ. ನಾನು ಹೆಚ್ಚು ಹೇಳಿದಷ್ಟೂ ಅವರ ಅನುಮಾನ ಹೆಚ್ಚಿತು. ಪುಸ್ತಕದಲ್ಲೂ 'ಮಾಲೀಕ' ಎಂಬ ಪದವೇ ಇದೆಯಲ್ಲ ಎಂದರು. ಇತ್ತು, ಹೌದು. ನಾನು ಪುಸ್ತಕ ಮುಚ್ಚಿದೆ.

ಅಷ್ಟು ಹೊತ್ತೂ ಬಾಗಿಲಿಗೆ ಒರಗಿ ಕೇಳುತ್ತಿದ್ದ ಗೌರಮ್ಮ ಗಂಡನ ಕಡೆ ತಿರುಗಿದರು. "ಅಲ್ರೀ, ನಾವು ಕ್ವಾರ್ಟರ್ಸ್‌ನಲ್ಲಿದ್ದಾಗ ಹಿಂದ್ಗಡೆ ಶೀಟ್ ಹಾಕ್ಸಿ ಒಂದು ಕೋಣೆ ಕಟ್ಟಿಸ್ಲಿಲ್ವಾ? ದುಡ್ಡು ಯಾರ್ದು?"

"ನಂದೇ."

"ಕ್ವಾರ್ಟರ್ಸ್ ಯಾರ್ದು?"

"ಕಾರ್ಖಾನೆದು."

"ಕೋಣೆ ಕಟ್ಟಿಸಿದ್ರಿ ಅಂತ ಕ್ವಾರ್ಟರ್ಸ್ ನಿಮ್ದಾಯ್ತಾ? ರಿಟೈರ್ ಆದ್ಮೇಲೆ ಬೀಗದಕೈ ಕೊಟ್ಟು ಬಂದ್ವಿ. ಇದೂ ಅಷ್ಟೇ ಅಲ್ವಾ."

ರುದ್ರಪ್ಪನವರು ಚಾವಣಿಯ ತೊಲೆಯನ್ನೊಮ್ಮೆ ನೋಡಿದರು. ಆಮೇಲೆ ನನ್ನನ್ನು ಕೇಳಿದರು: "ಇಷ್ಟೇನಾ?"

ಇಷ್ಟೇ ಎಂದೆ. ಇಪ್ಪತ್ತೆರಡು ವರ್ಷದ ಅನುಭವದಲ್ಲಿ ನಾನು ಹೇಳಲಾಗದ್ದನ್ನು ಆ ತಾಯಿ ನಾಲ್ಕು ಮಾತಿನಲ್ಲಿ ಹೇಳಿದ್ದರು.

ಪತ್ರವನ್ನು ಅಲ್ಲೇ ಕೈಬರಹದಲ್ಲಿ ಬರೆದೆ. ಬಾಡಿಗೆ ಮುಗಿದಾಗ ಸೆಲ್ವರಾಜ್ ಮಹಡಿ ಬಿಟ್ಟುಕೊಡಬೇಕು, ಆದರೆ ತೊಲೆ ಕೀಳಬಾರದು ಎಂದು ರುದ್ರಪ್ಪನವರು ಒಂದು ಸಾಲು ಸೇರಿಸಿದರು. ಒಳಗೆ ಕರೆದಾಗ ಸೆಲ್ವರಾಜ್ ಮರುಮಾತಿಲ್ಲದೆ ಒಪ್ಪಿದರು, ಇಬ್ಬರೂ ಸಹಿ ಹಾಕಿದರು. ಮಹಡಿ ಖಾಲಿ ಮಾಡುವ ಮಾತನ್ನೂ ರುದ್ರಪ್ಪನವರು ಹಿಂದಕ್ಕೆ ತೆಗೆದುಕೊಂಡರು. ಕರೆಂಟಿನ ವಿಷಯ ಕೇಳಿದಾಗ ರುದ್ರಪ್ಪನವರು ಬೀರುವಿನಿಂದ ಒಂದು ನೋಟ್‌ಬುಕ್ ತಂದರು. ಮಹಡಿಗೆ ಪ್ರತ್ಯೇಕ ಸಬ್‌ಮೀಟರ್ ಇತ್ತು. ಪ್ರತಿ ತಿಂಗಳ ಮೊದಲ ದಿನ ರೀಡಿಂಗ್ ಬರೆದು ಇಬ್ಬರೂ ಸಹಿ ಹಾಕಿದ್ದರು. 2021ರ ಜೂನ್‌ನಿಂದ ಯೂನಿಟ್ಟುಗಳು ಮೂರು ಪಟ್ಟಾಗಿದ್ದವು. ಯಂತ್ರ ಓಡಿದ್ದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಬೇಕಿರಲಿಲ್ಲ.

ಕಚೇರಿಗೆ ಮರಳಿ ಬಿಲ್ಲುಗಳನ್ನು ಮತ್ತೊಮ್ಮೆ ನೋಡುವಾಗ ನನ್ನದೇ ಇನ್ನೊಂದು ತಪ್ಪು ಸಿಕ್ಕಿತು. ವಿದ್ಯುತ್ ಸಂಪರ್ಕಕ್ಕೆ ಕಟ್ಟಿದ 18,000 ರೂಪಾಯಿ ಠೇವಣಿಯನ್ನೂ ಕಟ್ಟಡದ ಖರ್ಚಿಗೆ ಸೇರಿಸಿದ್ದೆ. ವಾಪಸ್ ಬರುವ ದುಡ್ಡಿಗೆ ಸವಕಳಿಯಿಲ್ಲ. ಅದನ್ನು ಉತ್ತರದಲ್ಲಿ ನಾವೇ ಬರೆದು ಒಪ್ಪಿಕೊಂಡೆವು. ಆರನೆಯ ದಿನ ಎಲ್ಲ ದಾಖಲೆ ಪೋರ್ಟಲ್‌ಗೆ ಏರಿತು. ವಿಡಿಯೋ ವಿಚಾರಣೆಯಲ್ಲಿ ಅಧಿಕಾರಿ ಆ ನೋಟ್‌ಬುಕ್ ಬಗ್ಗೆ ಎರಡು ಪ್ರಶ್ನೆ ಕೇಳಿದರು, ಅಷ್ಟೆ.

ಮಾರ್ಚ್‌ನಲ್ಲಿ ಆದೇಶ ಬಂತು. 2,72,200 ರೂಪಾಯಿ ಸವಕಳಿ ಮಂಜೂರು. ನಾವು ಒಪ್ಪಿಕೊಂಡ 1,800 ಮಾತ್ರ ಆದಾಯಕ್ಕೆ ಸೇರಿತ್ತು. ಸೆಲ್ವರಾಜ್‌ಗೆ ಫೋನಿನಲ್ಲಿ ಹೇಳಿದೆ. ಆ ಕಡೆ ಹಿಂದೆ ಮೆಷಿನ್ ಓಡುವ ಸದ್ದು ಕೇಳುತ್ತಿತ್ತು. "ಕೆಳಗೆ ಹೋಗಿ ಹೇಳ್ಬಿಟ್ಟು ಬರ್ತೀನಿ ಮೇಡಂ" ಎಂದರು. 

ಕಾನೂನಿನ ಪದಗಳು ನಮ್ಮಂಥವರ ಬಾಯಲ್ಲಿ ಒಂದು ಅರ್ಥದಲ್ಲಿರುತ್ತವೆ, ಮನೆ ಕಟ್ಟಿದವರ ಕಿವಿಗೆ ಬೇರೆಯೇ ಅರ್ಥದಲ್ಲಿ ಬೀಳುತ್ತವೆ. ಈಗ ಬಾಡಿಗೆ ಜಾಗದಲ್ಲಿ ಕೆಲಸ ಮಾಡಿಸಲು ಹೊರಟ ಯಾರೇ ಬಂದರೂ, ಮೊದಲು ಮಾಲೀಕರನ್ನು ಜೊತೆಗೆ ಕರೆದುಕೊಂಡು ಬನ್ನಿ ಎನ್ನುತ್ತೇನೆ. ಸಾಧ್ಯವಾದರೆ ಅವರ ಮನೆಯವರನ್ನೂ.