ಮಿಕಾ ಬರೆದ ಸಿಂಹ

ಅಥೆನ್ಸಿನ ನಮ್ಮ ಕುಂಬಾರಗೇರಿಯಲ್ಲಿ ನಮ್ಮತ್ತೆ ಮಿಕಾಗೆ ಸರಿಸಾಟಿಯಾದ ಕೈ ಇನ್ನೊಂದಿರಲಿಲ್ಲ. ಸೊಸೆ ಅತ್ತೆಯನ್ನು ಹೊಗಳುವುದುಂಟೇ ಎಂದು ನಗಬೇಡಿ. ಮನೆಯಲ್ಲಿ ನಮ್ಮಿಬ್ಬರದು ದಿನಾ ಜಗಳವೇ. ಆದರೆ ಅವರು ಕುಂಚ ಹಿಡಿದರೆ ನಾನು ಬಾಯಿ ಮುಚ್ಚಿಕೊಂಡು ನೋಡುತ್ತಿದ್ದೆ. ಇಪ್ಪತ್ತು ವರ್ಷ ಅವರು ಬರೆದ ಹೂಜಿಗಳ ಮೇಲೆಲ್ಲ ‘ಥ್ರಾಸೋನ್ ಮಾಡಿದ’ ಎಂದು ಕುಂಬಾರಸಾಲೆಯ ಯಜಮಾನನ ಹೆಸರೊಂದೇ.

ಆ ಸಲ ಒಂದು ಹೂಜಿಯ ಮೇಲೆ ವೀರ ಹೆರಾಕ್ಲಿಸ್ ಸಿಂಹದ ಕತ್ತು ಹಿಸುಕುವ ಚಿತ್ರ ಬರೆದವರು, ಪಕ್ಕದಲ್ಲಿ ‘ಮಿಕಾ ಬರೆದಳು’ ಎಂದು ಸೇರಿಸಿಬಿಟ್ಟರು. ಥ್ರಾಸೋನ್ ಕೆಂಡವಾದ.

“ಏನಮ್ಮಾ ಇದು? ಹೆಂಗಸಿನ ಹೆಸರಿರೋ ಹೂಜೀನ ಯಾವ ಗಂಡ್ಸು ಕೊಳ್ತಾನೆ? ಅಳ್ಸು!”

“ಹೆಂಗಸು ಬರೆದ ಸಿಂಹಾನ ಇಷ್ಟು ವರ್ಷ ಮಾರಿದ್ರಲ್ಲ ಯಜಮಾನ್ರೆ, ಹೆಸರು ಮಾತ್ರ ಕಚ್ಚುತ್ತಾ?”

ಕೆಲಸದವರೆಲ್ಲ ಕಿಸಕ್ಕನೆ ನಕ್ಕರು. ಥ್ರಾಸೋನ್‌ಗೆ ಅವಮಾನವಾಯಿತು. “ಆಯ್ತು. ಒಂದೂ ಕಲೆ ಇಲ್ದೆ ಬೆಂದ್ರೆ ಹೆಸರಿರ್ಲಿ. ಕಲೆ ಕಂಡ್ರೆ ನನ್ನ ಕೈಯಾರೆ ಒಡೀತೀನಿ.”

ಸುಡುವ ಗೂಡಿನಲ್ಲಿ ಪಾತ್ರೆಗಳು ಒಂದಕ್ಕೊಂದು ತಾಗಬಾರದು. ತಾಗಿದ ಜಾಗಕ್ಕೆ ಹೊಗೆ ಹೋಗದೆ, ಕಪ್ಪಾಗಬೇಕಾದ್ದು ಕೆಂಪಗೇ ಉಳಿಯುತ್ತದೆ. ಅತ್ತೆ ಎಲ್ಲವನ್ನೂ ಬೆರಳಗಲ ಬಿಟ್ಟು ಜೋಡಿಸಿದ್ದರು. ಗೂಡಿನ ಬಾಯಿಗೆ ಮಣ್ಣು ಮೆತ್ತುವಾಗ ಥ್ರಾಸೋನ್ ತಾನೇ ಮಾಡಿದ ಬಟ್ಟಲೊಂದನ್ನು ತಂದು ಹೂಜಿಯ ಪಕ್ಕಕ್ಕೆ ತುರುಕಿದ.

“ತಾಗತ್ತೆ ಯಜಮಾನ್ರೆ, ಬೇಡಿ.”

“ನನ್ನ ಗೂಡು, ನನ್ನ ಬಟ್ಲು. ಸುಮ್ನಿರು.”

ಬೆಂಕಿ ಹಾಕಿದೆವು. ಹಸಿ ಸೌದೆ ತುಂಬಿ ಹೊಗೆ ಕಟ್ಟಿದೆವು. ಅತ್ತೆ ಕೊಕ್ಕೆಯಿಂದ ಹದ ತಿಳಿಯಲು ಒಳಗಿಟ್ಟ ಮಡಕೆಯ ಚೂರನ್ನು ಎಳೆದೆಳೆದು ನೋಡಿ, ಸರಿಯಾದ ಗಳಿಗೆಗೆ ಗಾಳಿಕಂಡಿ ತೆಗೆಸಿದರು.

ಮೂರನೆಯ ದಿನ ಹೂಜಿ ಹೊರಬಂತು. ಅಬ್ಬಾ, ಆ ಕಪ್ಪು! ಮುಖ ನೋಡಿಕೊಳ್ಳಬಹುದಿತ್ತು. ಆದರೆ ಹಿಂಬದಿಯಲ್ಲಿ ಹೆಬ್ಬೆರಳಗಲ ಕೆಂಪು ಕಲೆ.

ಥ್ರಾಸೋನ್ ಸುತ್ತಿಗೆ ಎತ್ತಿಕೊಂಡ. ಅತ್ತೆ ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಗೂಡಿನಿಂದ ಅವನ ಬಟ್ಟಲನ್ನೇ ತಂದು ಹೂಜಿಗೆ ಒತ್ತಿ ಹಿಡಿದರು. ಬಟ್ಟಲಿನ ಮೇಲೂ ಅಷ್ಟೇ ಅಗಲದ ಕಲೆ; ಎರಡೂ ಸರಿಯಾಗಿ ಕೂತವು.

“ಒಡೀರಿ. ಎರಡನ್ನೂ ಒಡೀರಿ.”

ಥ್ರಾಸೋನ್ ತನ್ನ ಬಟ್ಟಲಿನ ಕಲೆಯನ್ನು ನೋಡಿದ, ಸಿಂಹವನ್ನು ನೋಡಿದ. ಕಡೆಗೆ ಸುತ್ತಿಗೆ ಕೆಳಗಿಟ್ಟ. “ಹೊರದೇಶದ ಮಾರಾಟಕ್ಕೆ ಹಡಗಿಗೆ ಹಾಕ್ಸು. ಹೆಸರಿರ್ಲಿ.”

ಹುಲ್ಲು ಸುತ್ತಿ ಕಟ್ಟುವಾಗ ನಾನು ತಡೆಯಲಾರದೆ ಅಂದೆ, “ಇಷ್ಟು ಚೆನ್ನಾಗಿರೋದ್ರ ಮೇಲೆ ಆ ಕಲೆ ಉಳ್ಕೊಂತಲ್ಲ ಅತ್ತೆ!”

“ಇರ್ಲಿ ಬಿಡೇ,” ಎಂದರು ಅತ್ತೆ. “ಮುಂದ್ಗಡೆ ನನ್ನ ಹೆಸರಿದೆ. ಹಿಂದ್ಗಡೆ ಯಜಮಾನ್ರದೂ ಒಂದು ಗುರುತು ಬೇಡ್ವಾ?”