ಅರಳಿ ಎಲೆಯ ಕೋಲುಗಳು

ಮೊನ್ನೆ ಬಟ್ಟೆ ನೆನೆಸುವಾಗ ನನ್ನ ಹೆಂಡತಿ ಅಂಗಿಯ ಜೇಬಿನಿಂದ ನೀಲಿ ಸೀಮೆಸುಣ್ಣದ ತುಂಡೊಂದನ್ನು ತೆಗೆದು, ಸತ್ತ ಜಿರಳೆಯನ್ನು ಹಿಡಿಯುವಂತೆ ಎರಡು ಬೆರಳಲ್ಲಿ ಹಿಡಿದು ತೋರಿಸಿದಳು. "ರಿಟೈರಾದ ಮೇಲಾದ್ರೂ ಇದು ಬಿಡುತ್ತೆ ಅಂದ್ಕೊಂಡಿದ್ದೆ" ಎಂದಳು. ಬಿಲಿಯರ್ಡ್ಸ್ ಆಡುವವರು ಕೋಲಿನ ತುದಿಗೆ ಹಚ್ಚುವ ಸೀಮೆಸುಣ್ಣ ಅದು. ಆ ಆಟ ನಿಮಗೆ ಗೊತ್ತಿಲ್ಲದಿದ್ದರೆ ಸಂಕೋಚ ಬೇಡ. ಇಪ್ಪತ್ತೈದು ವರ್ಷ ಆಡಿಯೂ ನನಗೆ ಅದು ಗೊತ್ತಾಗಿಲ್ಲ.

ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾನು ಸ್ಟೋರ್ಸ್ ಗುಮಾಸ್ತನಾಗಿದ್ದೆ. ಮೈಸೂರಿನ ಯಾವುದೋ ಕ್ಲಬ್ಬಿನವರು ಮಾರಿದ ಹಳೆಯ ಮೇಜನ್ನೂ ಐದು ಕೋಲುಗಳನ್ನೂ ತಂದು ಕ್ಯಾಂಟೀನಿನ ಪಕ್ಕದ ಕೋಣೆಯಲ್ಲಿ ಹಾಕಿದ್ದರು. ಊಟದ ಬಿಡುವಿನಲ್ಲಿ ನಮ್ಮ ಪಂದ್ಯ. ನಾನು ಹೊಡೆದ ಚೆಂಡು ಮೇಜಿನಿಂದ ಹಾರಿ ಕ್ಯಾಂಟೀನಿನ ಬಾಗಿಲವರೆಗೂ ಉರುಳಿದ್ದುಂಟು. ಆದರೆ ನಾಲ್ಕು ಕೋಲು ಖಾಲಿ ಇದ್ದರೂ ಐದನೆಯದು ಸಿಗುವವರೆಗೆ ನಾನು ಕಾಯುತ್ತಿದ್ದೆ.

ಅದರ ಮೇಲ್ಭಾಗ ಬಿಳಿ ಛಾಯೆಯ ವಿದೇಶಿ ಮರ, ಹಿಡಿಯ ಭಾಗ ಕಪ್ಪು ಬೀಟೆ. ಎರಡೂ ಸೇರುವಲ್ಲಿ ಬೀಟೆಯ ನಾಲ್ಕು ಉದ್ದನೆಯ ಚೂಪುಗಳು ಬಿಳಿಯ ಮರದೊಳಕ್ಕೆ ಏರಿದ್ದವು. ಉಗುರು ಎಳೆದರೂ ಸಂದು ತಿಳಿಯದು. ಹಿಡಿಯ ತಳದಲ್ಲಿ ಹಲಸಿನ ಮರದಿಂದ ಕೊರೆದು ಕೂರಿಸಿದ ಒಂದು ಅರಳಿ ಎಲೆ. ಹೆಬ್ಬೆರಳ ಉಗುರಿಗಿಂತ ಚಿಕ್ಕದು, ಅದರ ಬಾಲ ಕೂದಲಿನಷ್ಟು ತೆಳು. ತಯಾರಕರ ಹೆಸರು ಎಲ್ಲೂ ಇರಲಿಲ್ಲ. ಮುಂದೆ ಆ ಕೋಣೆ ಗೋಡೌನಾಯಿತು. ನಾನು ನಿವೃತ್ತನಾದಾಗ ಗೋಡೆ ಗಡಿಯಾರದ ಬದಲು ಆ ಕೋಲನ್ನೇ ಕೊಡಿ ಎಂದು ಕೇಳಿದೆ. ಮ್ಯಾನೇಜರು ನಕ್ಕು, ಗಡಿಯಾರವನ್ನೂ ಕೊಟ್ಟರು.

ಕೈಯಲ್ಲಿ ಮಾಡಿದ ಹಳೆಯ ಕೋಲುಗಳನ್ನು ಕೂಡಿಡುವವರೂ ಈ ಲೋಕದಲ್ಲಿದ್ದಾರೆ. ಅಂಥವರ ಒಂದು ವಾಟ್ಸಾಪ್ ಗುಂಪಿಗೆ ಮಗಳು ನನ್ನನ್ನು ಸೇರಿಸಿದಳು. ಮನೆಯಲ್ಲಿ ನನ್ನ ಮಾತು ಕೇಳಿ ಕೇಳಿ ಸಾಕಾಗಿರಬೇಕು. ನಾನು ಚಿತ್ರ ಹಾಕಿದ ದಿನವೇ ಕೋಲ್ಕತ್ತದ ಒಬ್ಬರು ತಮ್ಮ ಕೋಲಿನ ಚಿತ್ರ ಹಾಕಿದರು. ಅದೇ ಎಲೆ! ಪುಣೆಯ ಇನ್ನೊಬ್ಬರ ಹತ್ತಿರವೂ ಒಂದಿತ್ತು. ಎರಡೂ ಮೈಸೂರಿನ ಕಡೆಯಿಂದ ಹೋದವು, ಮಾಡಿದವರು ಯಾರೆಂದು ಯಾರಿಗೂ ತಿಳಿಯದು. "ನೀವು ಅಲ್ಲೇ ಇದ್ದೀರಲ್ಲ, ಪತ್ತೆ ಮಾಡಿ" ಎಂದರು. ಜೀವಮಾನವಿಡೀ ನಟ್ಟು ಬೋಲ್ಟು ಪತ್ತೆ ಮಾಡಿದವನಿಗೆ ಇದಕ್ಕಿಂತ ಗೌರವದ ಕೆಲಸ ಬೇಕೆ?

ಮೈಸೂರಿನಲ್ಲಿ ಹುಡುಕಿದೆ. ಒಂದು ಕ್ಲಬ್ಬಿನಲ್ಲಿ ಹಿಂದೆ ಅಂಕ ಬರೆಯುತ್ತಿದ್ದ ಮುದುಕರೊಬ್ಬರು ಎಲೆ ನೋಡಿದ ಕೂಡಲೇ, "ಇದು ನರಸೀಪುರದ ಪುಟ್ಟಾಚಾರ್ರು ತಂದುಕೊಡ್ತಿದ್ದದ್ದು. ಪಂಚೇಲಿ ಸುತ್ಕೊಂಡು ಬಸ್ಸಲ್ಲಿ ಬರೋರು. ಮುರಿದ ಕೋಲು ಒಯ್ಯೋರು, ಅದಕ್ಕೆ ಬೀಟೆ ಕೂಡಿಸಿ ಹೊಸದು ಮಾಡ್ಕೊಂಡು ಬರೋರು" ಎಂದರು.

ನರಸೀಪುರದಲ್ಲಿ ಬಸ್ಸಿಳಿದು ಕೇಳಿದೆ. ಪುಟ್ಟಾಚಾರ್ರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಗ ಮಾದೇಶ ಅದೇ ಜಾಗದಲ್ಲಿ ಪ್ಲೈವುಡ್ ಬೀರು, ಅಡುಗೆಮನೆ ಕಪಾಟು ಮಾಡುವ ಅಂಗಡಿ ಇಟ್ಟಿದ್ದ. ನಲವತ್ತೈದರ ಆಸುಪಾಸಿನ ಸೌಮ್ಯ ಮನುಷ್ಯ. ಕೋಲನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. "ನಮ್ಮಪ್ಪಂದೇ ಸಾ. ನಾನು ಚಿಕ್ಕೋನಿದ್ದಾಗ ನೋಡಿದ್ದೆ. ಇಂಥಾವ ಹುಡೀಕಂಡು ಜನ ಬತ್ತಾರೆ ಅಂತ ಗೊತ್ತಿರ್ನಿಲ್ಲ" ಎಂದ.

ಅಂದೇ ಕೂತು ಒಂದು ಲೇಖನ ಬರೆದೆ. ಪುಟ್ಟಾಚಾರ್ರ ಪಟ, ಅವರ ಹೆಸರು, ಕೆಳಗೆ ನನ್ನ ಹೆಸರು, ಫೋನ್ ನಂಬರು. ಗುಂಪಿನಲ್ಲಿ ಚಪ್ಪಾಳೆಯ ಸುರಿಮಳೆ. ಮಾದೇಶ ಅದನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಲ್ಯಾಮಿನೇಟ್ ಮಾಡಿಸಿ ಅಂಗಡಿಯ ಗೋಡೆಗೆ ತೂಗುಹಾಕಿದ. ನಾನು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಫೋನು ಬಂತು. ವಯಸ್ಸಾದ ಹೆಣ್ಣು ದನಿ.

"ಕೋಲಿನ ವಿಚಾರ ಬರೆದೋರು ನೀವೇಯಾ ಸ್ವಾಮಿ? ನಾನು ಚಿಕ್ಕತಾಯಮ್ಮ ಅಂತ. ಮಾದೇಸನ ಸೋದರತ್ತೆ, ಪುಟ್ಟಾಚಾರಿ ತಂಗಿ. ಮೂಗೂರಲ್ಲಿ ಮಗಳ ಮನೇಲಿ ಇವ್ನಿ. ನೀವು ಬರೆದಿರೋದ್ರಲ್ಲಿ ಒಂದು ತಪ್ಪು ಅದೆ."

"ಏನಮ್ಮ?"

"ಎಲೆ ಇರೋವು ನಮ್ಮಣ್ಣ ಮಾಡಿದ್ದಲ್ಲ."

"ಮತ್ತೆ ಯಾರು ಮಾಡಿದ್ದು?"

"ನಾನು."

ಆಗ ನಾನು ಮಾಡಿದ್ದನ್ನು ನಿಮಗೆ ಹೇಳಲು ನಾಚಿಕೆಯಾಗುತ್ತದೆ. "ನೋಡೋಣಮ್ಮ" ಎಂದು ಫೋನಿಟ್ಟೆ. ಅವರ ಮನೆಯೊಳಗಿನ ವ್ಯಾಜ್ಯ, ನಮಗೇಕೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ಚಪ್ಪಾಳೆಯನ್ನು ವಾಪಸ್ಸು ಕೊಡಲು ಮನಸ್ಸಿರಲಿಲ್ಲ. ಹೀಗೆ ಮೂರು ವಾರ ಕಳೆದೆ. ಆದರೆ ಕೋಲನ್ನು ಒರೆಸಲು ಕೈಗೆತ್ತಿಕೊಂಡಾಗಲೆಲ್ಲ "ನಾನು" ಎಂಬ ಆ ಒಂದು ಮಾತು ಕೇಳಿಸುತ್ತಿತ್ತು. ಅದರಲ್ಲಿ ಜಗಳದ ದನಿ ಇರಲಿಲ್ಲ, ಅಳುವೂ ಇರಲಿಲ್ಲ. ಕೊನೆಗೆ ನಾನೇ ಫೋನು ಮಾಡಿ ಕ್ಷಮೆ ಕೇಳಿದೆ. "ಭಾನ್ವಾರ ನರಸೀಪುರಕ್ಕೆ ಬತ್ತೀನಿ. ಕೋಲು ತಗೊಬನ್ನಿ" ಎಂದರು.

ಮಾದೇಶನ ಅಂಗಡಿಯಲ್ಲಿ ಅವರನ್ನು ಮೊದಲ ಸಲ ನೋಡಿದೆ. ಎಪ್ಪತ್ತು ದಾಟಿದ ಸಣ್ಣ ದೇಹ, ದೊಡ್ಡ ಕನ್ನಡಕ. ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ಬೆರಳಾಡಿಸಿದರು. ಮಾದೇಶನ ಮುಖ ಸಪ್ಪಗಿತ್ತು.

"ಅತ್ತೆ, ಇಷ್ಟು ದಿನ ಯಾಕ್ ಯೋಳ್ನಿಲ್ಲ? ನಮ್ಮಪ್ಪ ಮಾಡಿದ್ದು ಅಂತ ಊರಿಗೆಲ್ಲ ಯೋಳ್ಬುಟ್ಟಿವ್ನಿ."

"ನೀನು ಯಾವತ್ಲಾ ಕೇಳ್ದೆ? ಯಾರೂ ಕೇಳ್ನಿಲ್ಲ. ಈಗ ಬರೆದು ಗೋಡೆಗೆ ಹಾಕವ್ರೆ, ಅದ್ಕೆ ಯೋಳ್ದೆ."

ಆಮೇಲೆ ಹಲಸಿನ ಚೂರು ಕೇಳಿದರು. ಪ್ಲೈವುಡ್ ಅಂಗಡಿಯಲ್ಲಿ ಹಲಸೆಲ್ಲಿ? ಮಾದೇಶ ಅಟ್ಟಕ್ಕೆ ಹತ್ತಿ, ಅಪ್ಪನ ಉಳಿಗಳನ್ನು ಕಟ್ಟಿಟ್ಟಿದ್ದ ಗೋಣಿಚೀಲ ಇಳಿಸಿದ. ಚೀಲದ ತಳದಲ್ಲಿ ಮುರಿದ ಹಲಸಿನ ಮಣೆಯ ಒಂದು ತುಂಡು ಸಿಕ್ಕಿತು. ಚಿಕ್ಕತಾಯಮ್ಮ ಅತಿ ಸಣ್ಣ ಉಳಿ ಆರಿಸಿ, ಕಲ್ಲಿನ ಮೇಲೆ ಮಸೆದು, ನೆಲದ ಮೇಲೆ ಕೂತರು. ಮಣಿಕಟ್ಟನ್ನು ಮೊಣಕಾಲಿಗೆ ಒತ್ತಿ ಹಿಡಿದು ಕೊರೆಯತೊಡಗಿದರು. ಪೆನ್ಸಿಲಿಲ್ಲ, ಅಳತೆಯಿಲ್ಲ. ಮೊದಲನೆಯ ಎಲೆಯ ಬಾಲ ಮುರಿಯಿತು. "ಬಾಲದಿಂದ ಸುರು ಮಾಡ್ಬೇಕು, ಮರೆತೋಗಿತ್ತು" ಎಂದುಕೊಂಡು ಎರಡನೆಯದಕ್ಕೆ ಕೈ ಹಾಕಿದರು. ಅದನ್ನು ನನ್ನ ಅಂಗೈಯಲ್ಲಿಟ್ಟಾಗ ನಾನು ಕೋಲಿನ ಎಲೆಯ ಪಕ್ಕ ಹಿಡಿದು ನೋಡಿದೆ. ಹೇಳುವುದೇನು, ಎರಡಕ್ಕೂ ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ.

ಗಂಡ ಸತ್ತ ಮೇಲೆ ಅವರು ಮಗಳನ್ನು ಸೊಂಟದಲ್ಲಿಟ್ಟುಕೊಂಡು ಅಣ್ಣನ ಮನೆಗೆ ಬಂದಿದ್ದರಂತೆ. ಮೊದಮೊದಲು ಉಪ್ಪುಕಾಗದ ಉಜ್ಜುವ ಕೆಲಸ. ಆಮೇಲೆ ಅಣ್ಣನಿಗೆ ಸಕ್ಕರೆ ಕಾಯಿಲೆ ಬಂದು ಕಣ್ಣು ಮಬ್ಬಾಯಿತು. ಚೂಪು ಕೂಡಿಸುವುದನ್ನು ತಂಗಿಗೆ ಕಲಿಸಿದ. ಕಡೆಯ ವರ್ಷಗಳಲ್ಲಿ ಹನ್ನೊಂದು ಕೋಲುಗಳನ್ನು ಮೊದಲಿಂದ ಕೊನೆಯವರೆಗೆ ಮಾಡಿದ್ದು ಆಕೆ, ಪಂಚೆಯಲ್ಲಿ ಸುತ್ತಿ ಬಸ್ಸಿಗೆ ಒಯ್ದದ್ದು ಆತ.

"ಹೆಂಗಸು ಮಾಡಿದ್ದು ಅಂದ್ರೆ ಕ್ಲಬ್ಬಿನೋರು ಮುಟ್ತಿದ್ರಾ ಸ್ವಾಮಿ? ಅಣ್ಣಂಗೆ ಅದೇ ಕೊರಗು. ಒಂದಿನ ಅಂದ, 'ನಾನು ಬಾಯ್ಬುಟ್ಟು ಯೋಳಕಾಗಲ್ಲ ಕಣವ್ವಾ. ನೀನು ಮಾಡಿದ್ಕೆ ಏನಾದ್ರೂ ಗುರ್ತು ಹಾಕು' ಅಂತ. ಬಾಗ್ಲಲ್ಲಿ ಅರಳಿ ಮರ ಇತ್ತು. ಎಲೆ ಹಾಕ್ದೆ."

ಮಾದೇಶ ಎದ್ದು ಗೋಡೆಯ ಹಾಳೆ ತೆಗೆಯಲು ಹೋದ. "ಬುಡ್ಲಾ, ಇರ್ಲಿ" ಎಂದರು ಅತ್ತೆ. "ಕಲಿಸಿದ್ದು ಅವನೇ ಅಲ್ವಾ. ಪಕ್ಕದಲ್ಲಿ ಇನ್ನೊಂದು ಹಾಕು."

ಹೊಸ ಲೇಖನವನ್ನು ಆ ರಾತ್ರಿಯೇ ಕಳಿಸಿದೆ. ನನ್ನ ತಪ್ಪನ್ನು ಮೊದಲ ಸಾಲಿನಲ್ಲೇ ಬರೆದೆ. ಈ ಸಲ ಚಪ್ಪಾಳೆ ನನಗೆ ಬರಲಿಲ್ಲ, ಅವರಿಗೆ ಬಂತು. ಪುಣೆಯವರು ತಮ್ಮ ಕೋಲಿನ ಡಬ್ಬಿಯ ಮೇಲೆ 'ಚಿಕ್ಕತಾಯಮ್ಮ, ತಿ. ನರಸೀಪುರ' ಎಂದು ಕನ್ನಡದಲ್ಲೇ ಬರೆಸಿ ಚಿತ್ರ ಕಳಿಸಿದರು. ಅದನ್ನು ತೋರಿಸಲು ಹೋದ ದಿನ ಸುಮ್ಮನೆ ಮಾತಿಗೆ ಕೇಳಿದೆ, "ಈ ಆಟ ನೋಡಿದ್ದೀರೇನಮ್ಮ?"

"ಎಲ್ಲಿ ನೋಡನ ಸ್ವಾಮಿ? ಕೋಲು ಮಾಡಿದ್ದೇ ಬಂತು. ಅದ್ರಲ್ಲಿ ಏನು ಹೊಡೀತಾರೆ ಅಂತ ಇವತ್ತಿಗೂ ಗೊತ್ತಿಲ್ಲ."

ಕಳೆದ ಭಾನುವಾರ ಮಾದೇಶನೂ ನಾನೂ ಅವರನ್ನು ನಂಜನಗೂಡಿಗೆ ಕರೆತಂದೆವು. ಪೇಟೆಯ ಒಂದು ಮಹಡಿಯ ಮೇಲೆ ಸ್ನೂಕರ್ ಎಂಬ, ಅದೇ ಮೇಜು ಕೋಲುಗಳ ಇನ್ನೊಂದು ಆಟ ಆಡುವ ಜಾಗವಿದೆ; ನಿವೃತ್ತಿಯ ಮೇಲೆ ನಾನು ಹೋಗುವುದು ಅಲ್ಲಿಗೇ. ಮೆಟ್ಟಿಲು ಹತ್ತಿ ಅವರು ಒಳಗೆ ಬಂದಾಗ ಆಡುತ್ತಿದ್ದ ಯುವಕರು ತಬ್ಬಿಬ್ಬಾಗಿ ಕೋಲು ಕೆಳಗಿಟ್ಟರು. ವಿಷಯ ಹೇಳಿದೆ. ಒಬ್ಬ ಓಡಿಹೋಗಿ ಕುರ್ಚಿ ತಂದ. ಇಬ್ಬರು ಅವರಿಗಾಗಿ ಒಂದು ಇಡೀ ಪಂದ್ಯ ಆಡಿ ತೋರಿಸಿದರು. ಸೆರಗನ್ನು ಬಿಗಿಯಾಗಿ ಹೊದ್ದು, ಕಣ್ಣು ಮಿಟುಕಿಸದೆ ನೋಡಿದರು.

"ಇಷ್ಟೇಯಾ? ಈ ಗುಂಡು ತಳ್ಳಕ್ಕಾ ನಾನು ಅಷ್ಟೊಂದು ಪಾಡು ಪಟ್ಟಿದ್ದು?" ಎಂದಾಗ ಎಲ್ಲರೂ ನಕ್ಕರು. ಅವರೂ ನಕ್ಕರು. ಆಮೇಲೆ ಎದ್ದು ಬಂದು ನನ್ನ ಕೈಯಿಂದ ಎಲೆಯ ಕೋಲು ತೆಗೆದುಕೊಂಡರು. ಯುವಕನೊಬ್ಬ, "ಅಜ್ಜಿ, ಎಡಗೈ ಇಲ್ಲಿ ಊರಿ" ಎಂದು ತೋರಿಸಿಕೊಟ್ಟ. ಬಿಳಿ ಚೆಂಡು ಮೆಲ್ಲಗೆ ಹೋಗಿ ಕೆಂಪಿಗೆ ತಾಗಿತು, ಕೆಂಪು ಚೆಂಡು ಮೇಜಿನ ಮೂಲೆಯ ಗುಳಿಯ ಅಂಚಿಗೆ ಬಂದು ನಿಂತಿತು. ಆ ಕೋಣೆಯಲ್ಲಿ ಅಂಥ ಕೂಗು ನಾನು ಕೇಳಿರಲಿಲ್ಲ. ಅವರು ಮಾತ್ರ ಚೆಂಡಿನ ಕಡೆ ನೋಡುತ್ತಿರಲಿಲ್ಲ. ಕೋಲಿನ ಹಿಡಿಯನ್ನು ಅಂಗೈಯಲ್ಲಿ ತೂಗುತ್ತಿದ್ದರು.

"ಹಿಂದ್ಗಡೆ ಭಾರ ಜಾಸ್ತಿ ಅದೆ ಕಣ್ಲಾ ಮಾದೇಸ. ಕೈ ಮುಂದಕ್ಕೆ ಹೋಯ್ತಾನೇ ಇಲ್ಲ. ಹನ್ನೊಂದೂ ಹಿಂಗೇ ಮಾಡಿಬುಟ್ಟಿವ್ನಿ! ಆಟ ನೋಡಿದ್ರೆ ಆವತ್ತೇ ತಿಳೀತಿತ್ತು."

ಆ ಕೋಲಿಗೆ ಭಾರ ಹೆಚ್ಚೆಂದು ದೊಡ್ಡ ದೊಡ್ಡ ಆಟಗಾರರಾರೂ ಹೇಳಿರಲಿಲ್ಲ. ನಾನಂತೂ ನನ್ನ ಸೋಲಿಗೆಲ್ಲ ಮೇಜಿಗೆ ತಾಗುವ ಡೊಳ್ಳುಹೊಟ್ಟೆಯೇ ಕಾರಣವೆಂದು ನಂಬಿದ್ದೆ.

ಮಂಗಳವಾರ ಮಾದೇಶ ಫೋನು ಮಾಡಿದ. "ಸಾ, ಅತ್ತೆ ಮೂಗೂರಿಗೆ ಹೋಗಲ್ಲ ಅಂತಾವ್ಳೆ. ಹಳೇ ಮನೆ ಬೀಟೆ ಕಂಬ ಎಲ್ಲಾದ್ರೂ ನೋಡು, ಹನ್ನೆರಡನೇದು ಸರಿಯಾಗಿ ಮಾಡನ ಅಂತ ಕೂತವ್ಳೆ. ಈ ವಯಸ್ಸಲ್ಲಿ ಯಾಕೆ ಅಂತ ನೀವಾದ್ರೂ ಬಂದು ಯೋಳಿ."

ಹೇಳೋಣವೆಂದೇ ಹೋದೆ. ಕಂಬ ಆಗಲೇ ಅಂಗಡಿಯ ಮುಂದೆ ಬಿದ್ದಿತ್ತು. ಮಾದೇಶ ಗರಗಸದ ಒಂದು ಕಡೆ ಹಿಡಿದು ನಿಂತಿದ್ದ. ಚಿಕ್ಕತಾಯಮ್ಮ ಕುರ್ಚಿಯಿಂದ ನನ್ನತ್ತ ನೋಡಿ, "ಬಂದ್ರಾ? ಸುಮ್ಕೆ ನಿಂತ್ಕಬ್ಯಾಡಿ, ಆ ಕಡೆ ಹಿಡ್ಕೊಳಿ" ಎಂದರು. ನಾನು ಅಂಗಿಯ ತೋಳು ಮೇಲೇರಿಸಿ ಗರಗಸದ ಇನ್ನೊಂದು ತುದಿ ಹಿಡಿದೆ.