ನನ್ನ ಮಗಳನ್ನು ಬೈಯುವವರು ಬೇಕಾಗಿದ್ದಾರೆ

ಈ ವರ್ಷದ ಬೇಸಿಗೆಯವರೆಗೆ ಕೊಟ್ಟೂರಿನಲ್ಲಿ ನನ್ನನ್ನು ಬಿಟ್ಟರೆ ನನ್ನ ಮಗಳನ್ನು ಬೈಯುವ ಒಬ್ಬ ಮನುಷ್ಯನೂ ಇರಲಿಲ್ಲ. ಇದು ಹೆಮ್ಮೆಯ ಮಾತಲ್ಲ, ದೂರು. ಕೊರೊನಾದ ಎರಡನೇ ಅಲೆಯಲ್ಲಿ ಬಳ್ಳಾರಿಯ ಆಸ್ಪತ್ರೆಗೆ ಹೋದ ಅವಳಪ್ಪ ತಿರುಗಿ ಬರಲಿಲ್ಲ. ಆಗ ಅವಳಿಗೆ ಒಂದು ವರ್ಷ ತುಂಬಿತ್ತಷ್ಟೇ. ಈಗ ಒಂದನೇ ತರಗತಿ. ಅಂದಿನಿಂದ ಇಂದಿನವರೆಗೂ ಊರಿಗೆ ಊರೇ ಅವಳನ್ನು ಕಂಡರೆ ತಲೆ ಓರೆ ಮಾಡಿ "ಪಾಪ" ಅನ್ನುತ್ತದೆ.

ಕಿರಾಣಿ ಅಂಗಡಿಯವನು ಕೇಳದೆಯೇ ಚಾಕಲೇಟು ಕೊಡುತ್ತಾನೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಅವಳಿಗೇ. ಪ್ರತಿ ಆಗಸ್ಟ್ ಹದಿನೈದಕ್ಕೆ ಯಾರಾದರೊಬ್ಬ ದೊಡ್ಡವರು ಅವಳನ್ನು ವೇದಿಕೆಗೆ ಕರೆದು, ಕೊರೊನಾದಲ್ಲಿ ತಂದೆಯನ್ನು ಕಳೆದುಕೊಂಡ ಕೂಸು ಎಂದು ಮೈಕಿನಲ್ಲಿ ಹೇಳಿ, ಸ್ಕೂಲ್ ಬ್ಯಾಗು ಕೊಟ್ಟು ಫೋಟೊ ಹೊಡೆಸಿಕೊಳ್ಳುತ್ತಾರೆ. ಮನೆಯಲ್ಲಿ ಅಂಥ ಬ್ಯಾಗು ಐದಿವೆ. ಒಂದರಲ್ಲಿ ನಮ್ಮ ಅತ್ತೆ ಶೇಂಗಾ ತುಂಬಿಟ್ಟಿದ್ದಾರೆ.

ಮಗಳೇನು ದಡ್ಡಿಯಲ್ಲ. ಹೋಂವರ್ಕ್ ಮಾಡದ ದಿನ ಮುಖ ಸಣ್ಣ ಮಾಡಿಕೊಂಡು "ನನಗ ಅಪ್ಪ ಇಲ್ರಿ ಟೀಚರ್" ಅಂದರೆ ಸಾಕು ಎಂದು ಬೇಗ ಕಂಡುಕೊಂಡಳು. ನಾನು ಶಾಲೆಗೇ ಹೋಗಿ, "ಕೈ ಮುಗಿತೀನ್ರಿ, ಆಕಿನ್ನ ಒಂದೀಟು ಬೈರಿ" ಅಂದೆ. ಟೀಚರ್ ಕಣ್ಣಲ್ಲಿ ನೀರು ತಂದುಕೊಂಡರು. "ಅಪ್ಪ ಇಲ್ಲದ ಕೂಸಿಗೆ ಹೆಂಗ ಬೈಲಿ ಹೇಳ್ರಿ." ಕೊನೆಗೆ ನಾನೇ ಅವರಿಗೆ ಸಮಾಧಾನ ಹೇಳಿ ಬಂದೆ.

ಅತ್ತೆಯದಂತೂ ಕೇಳಲೇಬೇಡಿ. ಇದ್ದ ಒಬ್ಬನೇ ಮಗನನ್ನು ಕಳೆದುಕೊಂಡವರು. ನಾನು ಹಗರಿಬೊಮ್ಮನಹಳ್ಳಿಯ ಕಚೇರಿ ಮುಗಿಸಿ, ಬಸ್ಸಿಳಿದು ಬಂದು ಒಂದು ಮಾತು ಗದರಿದರೆ ಮೊಮ್ಮಗಳನ್ನು ಸೆರಗಿನೊಳಗೆ ಎಳೆದುಕೊಂಡು, "ನನ್ನ ಮಗನ ಕೂಸಿಗೆ ಏನರ ಅಂದಿ ನೋಡು" ಅನ್ನುತ್ತಾರೆ. ಹೀಗಾಗಿ ಇಡೀ ಊರು ಬೈಯದೆ ಬಿಟ್ಟದ್ದನ್ನೆಲ್ಲ ನಾನೊಬ್ಬಳೇ ಬೈಯಬೇಕು. ದಿನವಿಡೀ ಕಡತಗಳ ಜೊತೆ ಗುದ್ದಾಡಿ ಬಂದವಳಿಗೆ ಅಷ್ಟು ತ್ರಾಣ ಎಲ್ಲಿಂದ ಬರಬೇಕು? ತಪ್ಪು ಮಾಡಿದರೆ ಬೈಸಿಕೊಳ್ಳುವ ಹಕ್ಕು ಎಲ್ಲ ಮಕ್ಕಳಿಗೂ ಇದೆ. ಇವಳು ಬದುಕಿಡೀ ಪಾಪದ ಕೂಸಾಗಿಯೇ ಉಳಿದುಬಿಟ್ಟರೆ ಎಂಬ ಹೆದರಿಕೆ ನನ್ನನ್ನು ತಿನ್ನುತ್ತಿತ್ತು.

ಬೇಸಿಗೆ ಶುರುವಾಗುವ ಹೊತ್ತಿಗೆ ಇವಳು ತರಗತಿಯಲ್ಲಿ ಪಕ್ಕದ ಹುಡುಗಿಯ ಜಡೆಯನ್ನು ಕತ್ತರಿಯಿಂದ ಅರ್ಧಕ್ಕೆ ಕತ್ತರಿಸಿಹಾಕಿದಳು. ಆ ಹುಡುಗಿ ಎರಡು ವರ್ಷದಿಂದ ಕೂದಲು ಬೆಳೆಸಿದ್ದಳು. ಹಡಗಲಿಯಿಂದ ಮಲ್ಲಿಗೆ ಮೊಗ್ಗು ತರಿಸಿ, ಮೊಗ್ಗಿನ ಜಡೆ ಹಾಕಿಸಿ, ಸ್ಟುಡಿಯೊದಲ್ಲಿ ಫೋಟೊ ತೆಗೆಸುವುದೆಂದು ಅವರ ಮನೆಯಲ್ಲಿ ಮಾತಾಗಿತ್ತಂತೆ. "ಹೋಗ್ಲಿ ಬಿಡವ್ವ, ಕೂದಲು ಮತ್ತ ಬರ್ತಾವ" ಎಂದು ಟೀಚರ್ ಜಡೆ ಕಳೆದುಕೊಂಡವಳನ್ನೇ ಸುಮ್ಮನಾಗಿಸಿದರು.

ಸಂಜೆ ಆ ಹುಡುಗಿಯ ಅಪ್ಪ ನಮ್ಮ ಬಾಗಿಲಿಗೆ ಬಂದ. ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಮಿರ್ಚಿ ಅಂಗಡಿ ಅವನದು. ಕೈಗೆ ಇನ್ನೂ ಕಡಲೆಹಿಟ್ಟು ಮೆತ್ತಿತ್ತು. ಒಳಗೂ ಬರದೆ ನನ್ನ ಮಗಳನ್ನು ಎದುರಿಗೆ ನಿಲ್ಲಿಸಿಕೊಂಡ.

"ಏನವ್ವಾ, ಕೈಯಾಗ ಕತ್ರಿ ಸಿಕ್ರ ಮಂದಿ ಜಡಿ ಕತ್ತರಸ್ತೀಯೇನು? ಬುದ್ಧಿ ಐತೋ ಇಲ್ಲೋ?"

ಅತ್ತೆ ಓಡಿ ಬಂದರು. "ಅಪ್ಪ ಇಲ್ಲದ ಕೂಸಪ್ಪಾ ಅದು."

"ಗೊತ್ತೈತಿ ಅಜ್ಜಿ. ಅಪ್ಪ ಇಲ್ಲಂತ ನನ್ನ ಮಗಳ ಜಡಿ ಕತ್ತರಿಸಬೇಕೇನು?"

ಅತ್ತೆ ಮೊಮ್ಮಗಳತ್ತ ಚಾಚಿದ್ದ ಸೆರಗನ್ನು ಹಿಂದಕ್ಕೆ ಎಳೆದುಕೊಂಡರು. ಮಗಳು ಮುಖ ಸಣ್ಣ ಮಾಡಿ ನೋಡಿದಳು, ಅದು ಅವನ ಮುಂದೆ ನಡೆಯಲಿಲ್ಲ. ಕಾಪಾಡು ಅನ್ನುವಂತೆ ನನ್ನ ಕಡೆ ತಿರುಗಿದಳು. ನಾನು ಬಾಗಿಲ ಚೌಕಟ್ಟಿಗೆ ಒರಗಿ ಆರಾಮಾಗಿ ನಿಂತಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಅಂಥ ಖುಷಿ ನನಗೆ ಐದು ವರ್ಷದಲ್ಲಿ ಆಗಿರಲಿಲ್ಲ. ಅವನು ಮನಸಾರೆ ಬೈದ. ಅವಳ ಬಾಯಿಂದ ತಪ್ಪಾಯಿತು ಅನ್ನಿಸಿದ. ನಾನೂ ತಪ್ಪಾಯಿತು ಅಂದೆ. ಚಹಾ ಕುಡಿದು ಹೋಗಿ ಎಂದರೂ ನಿಲ್ಲದೆ ಹೊರಟುಹೋದ.

ಮಗಳು ಸಾಕಾಗುವಷ್ಟು ಅತ್ತು ಊಟಕ್ಕೆ ಕೂತಳು. ಎರಡು ತುತ್ತು ತಿಂದವಳು ಕೇಳಿದಳು. "ಅವ್ವಾ, ನಮ್ಮಪ್ಪನೂ ಹಿಂಗ ಬೈತಿದ್ನೇನು?"

"ಇದಕ್ಕಿಂತ ಜೋರು. ಸಿಟ್ಟು ಮೂಗಿನ ತುದಿಮ್ಯಾಲೇ ಇರ್ತಿತ್ತು."

"ಹೆಂಗ? ಬೈದು ತೋರ್ಸು."

ನಾನು ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು, ದನಿ ದಪ್ಪ ಮಾಡಿ ಬೈದೆ. ನನಗೇ ಸುಳ್ಳು ಅನ್ನಿಸಿತು. ಅವನ ದನಿ ನನಗೆ ಸರಿಯಾಗಿ ನೆನಪಿಲ್ಲವೆಂದು ಆಗಲೇ ಗೊತ್ತಾದದ್ದು. ಮಗಳು ನಕ್ಕುಬಿಟ್ಟಳು.

"ಹಂಗಲ್ಲ ಅವ ಬೈತಿದ್ದದ್ದು" ಅಂದರು ರೊಟ್ಟಿ ಬಡಿಯುತ್ತಿದ್ದ ಅತ್ತೆ. ಒಲೆ ಆರಿಸಿ, ಕೈ ಒರೆಸಿಕೊಂಡು ಬಂದು ಮೊಮ್ಮಗಳ ಮುಂದೆ ನಿಂತರು.

"ಲೇ, ಇಲ್ಲಿ ನೋಡು. ತಪ್ಪು ಮಾಡಿದಾಕಿ ನೀನು, ಅಳೋದು ಆಕಿಯೇನು? ನಾಳಿ ಮುಂಜಾನಿ ಅವರ ಮನಿಗೆ ಹೋಗಿ ಆಕಿ ಮುಂದ ತಪ್ಪಾತು ಅನ್ನು. ಇನ್ನೊಮ್ಮಿ ಅಪ್ಪ ಇಲ್ಲಂತ ಹೇಳ್ಕೊಂಡು ತಪ್ಪಿಸ್ಕೊಂಡಿ ಅಂದ್ರ ಕಾಲು ಮುರಿತೀನಿ."

ಅವನದೇ ದನಿ. ಮಾತು ಮುಗಿಸಿ ಒಂದೇ ಹುಬ್ಬು ಏರಿಸುವುದೂ ಅವನದೇ. ಮಗಳ ನಗು ನಿಂತಿತು. ತುತ್ತು ಕೈಯಲ್ಲೇ ಹಿಡಿದು, ನೆಟ್ಟಗೆ ಕೂತು, ಅವಳು ಮೊದಲ ಸಲ ಅಪ್ಪನಿಂದ ಬೈಸಿಕೊಂಡಳು.